ಯಾರ ಕಣ್ಣಿಂದ ಕತೆ? ಗಿರೀಶ ಕಾಸರವಳ್ಳಿಯವರ ಚಿತ್ರಕಥೆಗಳು



ನಮ್ಮ ಕಡೂರಿನ ಕಡೆಯ ಎಮ್ಮೆದೊಡ್ಡಿಯ ಹೆಸರು ಇಂಗ್ಲಿಷ್ ಓದುವವರಿಗೆ ಪರಿಚಯವಾದದ್ದು ಒಂದು ಹುಲಿಯಿಂದ. ಕೆನೆತ್ ಆಂಡರ್ಸನ್ 1954ರಲ್ಲಿ ಹೊರತಂದ ಶಿಕಾರಿ ಪುಸ್ತಕದಲ್ಲಿ ಈ ಊರಿನ ನರಭಕ್ಷಕನಿಗೆಂದೇ ಒಂದು ಅಧ್ಯಾಯವಿದೆ. ಶಿಕಾರಿ ಸಾಹಿತ್ಯದಲ್ಲಿ ಯಾವಾಗಲೂ ಹೀಗೆಯೇ: ಕಾಡು ಕಾಣುತ್ತದೆ, ಹುಲಿ ಕಾಣುತ್ತದೆ, ಕೋವಿ ಕಾಣುತ್ತದೆ, ಊರಿನವರು ಸಾಹೇಬರಿಗೆ ಸುದ್ದಿ ಮುಟ್ಟಿಸುವಷ್ಟು ಹೊತ್ತು ಕಂಡು ಮರೆಯಾಗುತ್ತಾರೆ. ಆಂಡರ್ಸನ್ನರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರ ಪುಸ್ತಕಗಳನ್ನು ನಾನು ನಿದ್ದೆಗೆಟ್ಟು ಓದಿದವನು. ಆದರೆ ಅಟ್ಟಣೆಯ ಮೇಲೆ ಕೂತವನಿಗೆ ಅಟ್ಟಣೆಯಿಂದ ಕಾಣುವಷ್ಟೇ ಕಾಣುವುದು. ಅದೇ ಸಂಗತಿಯನ್ನು ಹುಲಿಗೆ ಮಗನನ್ನು ಕಳಕೊಂಡ ತಾಯಿ ಹೇಳಿದ್ದರೆ ಹುಲಿಯೂ ಬೇರೆ, ಕಾಡೂ ಬೇರೆ, ಸಾಹೇಬರೂ ಬೇರೆ.

ಆಂಡರ್ಸನ್ನರ ಕಾಡಿನ ಕತೆಗಳನ್ನು ಕನ್ನಡಕ್ಕೆ ತಂದವರು ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿ. ಅದೇ ತೇಜಸ್ವಿಯವರ ಒಂದು ಸಣ್ಣ ಕತೆ 1986ರಲ್ಲಿ ‘ತಬರನ ಕಥೆ’ ಎಂಬ ಸಿನಿಮಾ ಆಗಿ, ಆ ವರ್ಷದ ಭಾರತದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅದಕ್ಕೆ ಚಿತ್ರಕಥೆ ಬರೆದು ನಿರ್ದೇಶಿಸಿದ ಗಿರೀಶ ಕಾಸರವಳ್ಳಿ ಇವತ್ತಿನ ನನ್ನ ವಿಷಯ. ಅವರನ್ನು ನಿರ್ದೇಶಕರೆಂದು ಎಲ್ಲರೂ ಹೊಗಳುತ್ತಾರೆ. ನಾನು ಅವರನ್ನು ಬರಹಗಾರರೆಂದು ನೋಡಬೇಕೆಂದಿದ್ದೇನೆ. ಬೇರೆಯವರ ಕತೆಯನ್ನು ಎತ್ತಿಕೊಂಡು, ಅದನ್ನು ನೋಡುವ ಕಣ್ಣು ಯಾರದು ಎಂಬ ಒಂದೇ ಪ್ರಶ್ನೆಯನ್ನು ನಲವತ್ತು ವರ್ಷ ಕೇಳುತ್ತ ಬಂದ ಬರಹಗಾರ.

ಬದುಕಿನ ವಿವರ ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು 1950ರ ಡಿಸೆಂಬರ್ 3ರಂದು, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಯಕ್ಷಗಾನದ ಮೇಳ, ಮನೆಯಲ್ಲಿ ಪುಸ್ತಕ, ಸೋದರಮಾವ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣ. ನೀನಾಸಮ್ ಕಟ್ಟಿ, ಕುರೊಸಾವನನ್ನೂ ಸತ್ಯಜಿತ್ ರಾಯ್‌ರನ್ನೂ ಅಡಕೆ ತೋಟದ ನಡುವೆ ತಂದು ತೋರಿಸಿದ ಮನುಷ್ಯ ಸುಬ್ಬಣ್ಣ. ಅಂಥ ಮಾವ ಇದ್ದ ಹುಡುಗ ಮಣಿಪಾಲಕ್ಕೆ ಹೋಗಿ ಓದಿದ್ದು ಮಾತ್ರ ಬಿ.ಫಾರ್ಮ. ಔಷಧದ ಶಾಸ್ತ್ರ ಕಲಿತ ಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಅಲ್ಲಿ ಮಾಡಿದ ‘ಅವಶೇಷ್’ ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಅದೇ ಹೊತ್ತಿಗೆ ಬಿ. ವಿ. ಕಾರಂತರ ‘ಚೋಮನ ದುಡಿ’ಯಲ್ಲಿ ಸಹಾಯಕರಾಗಿ ದುಡಿದರು. ಇಪ್ಪತ್ತಾರು ತುಂಬಿದ್ದಾಗ ಮೊದಲ ಚಿತ್ರ ‘ಘಟಶ್ರಾದ್ಧ’. ಆಮೇಲೆ 2020ರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯವರೆಗೆ ಹದಿನೈದರ ಆಸುಪಾಸು ಕಥಾಚಿತ್ರಗಳು, ನಾಲ್ಕು ಸ್ವರ್ಣಕಮಲ, 2011ರಲ್ಲಿ ಪದ್ಮಶ್ರೀ. ನಲವತ್ತಮೂರು ವರ್ಷಕ್ಕೆ ಹದಿನೈದು. ನಮ್ಮ ಗಾಂಧಿನಗರದಲ್ಲಿ ಒಬ್ಬ ನಿರ್ದೇಶಕ ಇಷ್ಟನ್ನು ಎಂಟೇ ವರ್ಷದಲ್ಲಿ ಮುಗಿಸಿದ್ದುಂಟು. ಈ ಲೆಕ್ಕ ನೆನಪಿರಲಿ, ಕೊನೆಗೆ ದುಡ್ಡಿನ ಮಾತು ಬಂದಾಗ ಬೇಕಾಗುತ್ತದೆ.

‘ಘಟಶ್ರಾದ್ಧ’ದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೂಲ ಕತೆ ಅನಂತಮೂರ್ತಿಯವರದು. ಉಡುಪರ ವೇದಪಾಠಶಾಲೆಗೆ ಓದಲು ಬಂದ ನಾಣಿ ಎಂಬ ಹುಡುಗ. ಉಡುಪರ ಮಗಳು ಯಮುನಕ್ಕ, ಎಳೆಯ ವಿಧವೆ. ತಾಯಿ ಬಿಟ್ಟು ಬಂದ ಹುಡುಗನಿಗೆ ತಾಯಿಯಂತಾದವಳು. ಆಕೆ ಬಸುರಾಗುತ್ತಾಳೆ. ಊರಿಗೆ ಗೊತ್ತಾಗುತ್ತದೆ. ಜೀವ ಇರುವ ಮಗಳಿಗೆ ತಂದೆ ಮಡಕೆ ಒಡೆದು ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾನೆ.

ಕತೆಯನ್ನು ನೋಡುವುದು ಹುಡುಗನ ಕಣ್ಣು. ಈಗ ಚಿತ್ರಕಥೆ ಬರೆಯುವವನ ಕಷ್ಟ ನೋಡಿ. ಬರವಣಿಗೆಯಲ್ಲಿ ‘ನನಗೆ ಅರ್ಥವಾಗಲಿಲ್ಲ’ ಎಂದು ಹುಡುಗ ಹೇಳಿಬಿಟ್ಟರೆ ಓದುಗನೂ ಅವನ ಜೊತೆ ಆ ಅರೆಗತ್ತಲಲ್ಲಿ ಇರುತ್ತಾನೆ. ತೆರೆಯ ಮೇಲೆ ಆ ಸೌಲಭ್ಯವಿಲ್ಲ. ಯಮುನಕ್ಕ ವಾಂತಿ ಮಾಡಿದಳೆಂದರೆ ಟಾಕೀಸಿನಲ್ಲಿ ಕೂತ ಪ್ರತಿ ಹೆಂಗಸಿಗೂ ಗೊತ್ತು ಏನಾಗಿದೆ ಎಂದು; ಪಕ್ಕದಲ್ಲೇ ನಿಂತ ನಾಣಿಗೆ ಗೊತ್ತಿಲ್ಲ. ಕಾಸರವಳ್ಳಿ ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡರು. ಹುಡುಗ ಕಂಡದ್ದಕ್ಕೂ ನಾವು ತಿಳಿದದ್ದಕ್ಕೂ ನಡುವೆ ಒಂದು ಬಿರುಕು ಬಿಟ್ಟರು. ಸಿನಿಮಾ ಪೂರ್ತಿ ನಡೆಯುವುದು ಆ ಬಿರುಕಿನಲ್ಲಿ. ಹುಡುಗನಿಗೆ ಆಕೆಯನ್ನು ಕಾಯಬೇಕು ಅನ್ನಿಸುತ್ತದೆ, ಯಾವುದರಿಂದ ಎಂದು ತಿಳಿಯದು. ನಮಗೆ ಯಾವುದರಿಂದ ಎಂದು ಗೊತ್ತು, ಆದರೆ ನಾವು ಕುರ್ಚಿ ಬಿಟ್ಟು ಏಳುವಂತಿಲ್ಲ. ಊರಿನ ಕ್ರೌರ್ಯವನ್ನು ತೋರಿಸಲು ಯಾರೂ ಕಿರುಚಬೇಕಾಗಿ ಬರಲಿಲ್ಲ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ, ಮೀನಾ ಕುಟ್ಟಪ್ಪನವರ ಮುಖ, ಅಜಿತ್ ಕುಮಾರ್ ಎಂಬ ಬಾಲಕನ ಕಣ್ಣು, ಇಷ್ಟರಲ್ಲೇ ಕೆಲಸವಾಯಿತು. ಚಿತ್ರಕ್ಕೆ ಸ್ವರ್ಣಕಮಲ ಬಂದ ಸಾಲಿನಲ್ಲೇ ಸಂಗೀತಕ್ಕಾಗಿ ಕಾರಂತರಿಗೂ ಆ ಹುಡುಗನಿಗೂ ರಾಷ್ಟ್ರಪ್ರಶಸ್ತಿ ಬಂದವು. ದುಡ್ಡು ಹಾಕಿದವರು ಸದಾನಂದ ಸುವರ್ಣ. ಅಂಥ ನಿರ್ಮಾಪಕರನ್ನು ನೆನೆಯುವುದು ನಮ್ಮಲ್ಲಿ ಕಡಿಮೆ, ಆದ್ದರಿಂದ ಹೆಸರು ಹೇಳುತ್ತಿದ್ದೇನೆ. 2024ರಲ್ಲಿ ಈ ಚಿತ್ರದ ಪುನರುಜ್ಜೀವಿತ ಪ್ರತಿಯನ್ನು ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಕಡೂರಿನಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ನೋಡಿದವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ಇರಲಿ, ಮುಂದೆ ಹೋಗೋಣ.

ತಬರನ ವಿಷಯ ನಿಮಗೆ ವಿವರಿಸುವುದೇ ಬೇಡ. ಪೋಡಿಗೆ, ಪಹಣಿ ತಿದ್ದುಪಡಿಗೆ, ಬಗರ್‌ಹುಕುಂ ಅರ್ಜಿಗೆ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದವರು ಇಲ್ಲಿ ತುಂಬಾ ಜನ ಇದ್ದೀರಿ. ತಬರಶೆಟ್ಟಿ ಪುರಸಭೆಯ ಜವಾನ. ಬ್ರಿಟಿಷರ ಕಾಲದಿಂದ ಸರ್ಕಾರಕ್ಕೆ ನಿಯತ್ತಾಗಿ ದುಡಿದವನು, ಸರ್ಕಾರ ಅಂದರೆ ದೇವರ ಸಮ ಎಂದು ನಂಬಿದವನು. ನಿವೃತ್ತನಾದ ಮೇಲೆ ಪಿಂಚಣಿ ಬರುವುದಿಲ್ಲ. ಹೆಂಡತಿಯ ಕಾಲಿನ ಗಾಯ ಕೊಳೆಯುತ್ತ ಹೋಗುತ್ತದೆ. ಆಸ್ಪತ್ರೆಗೆ ದುಡ್ಡಿಲ್ಲ. ಕೊನೆಗೆ ಕಟುಕನ ಹತ್ತಿರ ಹೋಗಿ, ನನ್ನ ಹೆಂಡತಿಯ ಕಾಲು ಕಡಿದು ಕೊಡು ಎಂದು ಬೇಡಿಕೊಳ್ಳುತ್ತಾನೆ. ಆ ದೃಶ್ಯದಲ್ಲಿ ಚಾರುಹಾಸನ್ ಅವರ ಮುಖ ನೋಡಿದವರು ಮರೆಯುವುದಿಲ್ಲ; ಆ ವರ್ಷದ ಅತ್ಯುತ್ತಮ ನಟ ಅವರೇ ಆದರು.

ಚಿತ್ರಕಥೆಯ ದೃಷ್ಟಿಯಿಂದ ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಈ ಸಿನಿಮಾದಲ್ಲಿ ಖಳನಾಯಕ ಇಲ್ಲ. ಒಬ್ಬ ಲಂಚಕೋರ ಸಾಹೇಬನನ್ನು ಇಟ್ಟಿದ್ದರೆ ಬರೆಯುವುದು ಸುಲಭವಿತ್ತು, ನಾವೂ ಅವನನ್ನು ಬೈದು ಹಗುರಾಗಿ ಮನೆಗೆ ಹೋಗುತ್ತಿದ್ದೆವು. ಇಲ್ಲಿ ಪ್ರತಿಯೊಬ್ಬ ಗುಮಾಸ್ತನೂ ತನ್ನ ಮೇಜಿನ ಮಟ್ಟಿಗೆ ಸರಿಯಾಗಿಯೇ ಮಾತಾಡುತ್ತಾನೆ. ಈ ಕಾಗದ ಆ ಕಚೇರಿಯಿಂದ ಬರಬೇಕು, ಆ ಕಾಗದಕ್ಕೆ ಈ ರುಜು ಬೇಕು. ಕಡತ ಮುಂದಕ್ಕೆ ಹೋಗದಿರುವುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ನ್ಯಾಯವಾದ ಕಾರಣವಿದೆ. ಕ್ಯಾಮೆರಾ ಮಾತ್ರ ಮೇಜಿನ ಆಚೆ ಬದಿಗೆ ಹೋಗುವುದಿಲ್ಲ. ತಬರ ನಿಂತ ಬದಿಯಲ್ಲೇ ನಿಂತಿರುತ್ತದೆ. ಅವನಿಗೆ ಕಾಣದ ಒಳಕೋಣೆ ನಮಗೂ ಕಾಣದು. ತೇಜಸ್ವಿಯವರ ಕತೆಯಲ್ಲಿ ವ್ಯಂಗ್ಯ ಕುಣಿಯುತ್ತದೆ, ಅವರು ನಗುತ್ತಲೇ ಚುಚ್ಚುವವರು. ಸಿನಿಮಾ ನಗುವುದಿಲ್ಲ. ಇದನ್ನು ಕೊರತೆ ಎಂದವರಿದ್ದಾರೆ. ನನಗೆ ಹಾಗನ್ನಿಸಿಲ್ಲ, ಸರದಿಯಲ್ಲಿ ನಿಂತವನ ಕಣ್ಣಿಂದ ನೋಡಿದರೆ ಅಲ್ಲಿ ನಗುವಂಥದ್ದು ಏನೂ ಇರುವುದಿಲ್ಲ.

ಇನ್ನು ‘ದ್ವೀಪ’. 2001ನೇ ಸಾಲಿನ ಸ್ವರ್ಣಕಮಲ. ಕಾದಂಬರಿ ಸಾಗರದ ನಾ. ಡಿಸೋಜ ಅವರದು, ಅವರು ಲೋಕೋಪಯೋಗಿ ಇಲಾಖೆಯಲ್ಲಿದ್ದು, ಶರಾವತಿ ಯೋಜನೆ ಜನರನ್ನು ಎಬ್ಬಿಸಿದ್ದನ್ನು ಹತ್ತಿರದಿಂದ ಕಂಡವರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಕಟ್ಟೆಯ ಕತೆ ನಮಗೆ ದೂರದ್ದಲ್ಲ. ಅದೇ ಕಾಲದಲ್ಲಿ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಎದ್ದಿತು. ನೀರು ಹಿಂದಕ್ಕೆ ನಿಂತಾಗ ಗದ್ದೆ, ಗುಡಿ, ಮನೆ ಬಿಟ್ಟು ಬಂದವರ ಮೊಮ್ಮಕ್ಕಳು ಈ ಸಭೆಯಲ್ಲೂ ಇರಬಹುದು. ಕಾಲುವೆಯ ಕೆಳಗಿನವರಿಗೆ ಕಟ್ಟೆ ಎಂದರೆ ಎರಡು ಬೆಳೆ, ಮೇಲಿನವರಿಗೆ ಕಟ್ಟೆ ಎಂದರೆ ನೀರಿನಡಿಯ ಊರು. ಈ ಎರಡೂ ನಿಜಗಳು ಒಂದೇ ತಾಲ್ಲೂಕಿನಲ್ಲಿವೆ.

ಮುಳುಗಡೆಯ ಮೇಲೆ ಸಿನಿಮಾ ಮಾಡುವವನು ಸಾಮಾನ್ಯವಾಗಿ ಮೆರವಣಿಗೆ, ಭಾಷಣ, ಧಿಕ್ಕಾರಗಳ ಕಡೆ ಹೋಗುತ್ತಾನೆ. ಕಾಸರವಳ್ಳಿ ಒಂದೇ ಮನೆಯ ಒಳಗೆ ಹೋದರು. ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಊರೆಲ್ಲ ಪರಿಹಾರ ತೆಗೆದುಕೊಂಡು ಹೊರಟ ಮೇಲೆ ಗುಡ್ಡದ ಮೇಲೆ ಉಳಿದ ಒಂದೇ ಸಂಸಾರ. ಸುತ್ತ ನೀರು ಏರುತ್ತಿದೆ. ಇದು ಸರ್ಕಾರಕ್ಕೂ ಸಂತ್ರಸ್ತರಿಗೂ ನಡುವಿನ ಜಗಳ ಎಂದುಕೊಂಡು ನೋಡುತ್ತ ಕೂತವರಿಗೆ, ನಡುವೆ ಎಲ್ಲೋ ಜಗಳ ಮನೆಯೊಳಗೇ ಇದೆ ಎಂದು ತಿಳಿಯುತ್ತದೆ. ಮಳೆಯ ರಾತ್ರಿ ಮನೆಯನ್ನೂ ಗಂಡನನ್ನೂ ಉಳಿಸಿದವಳು ನಾಗಿ. ಬೆಳಗಾದಾಗ ಗಂಡ, ಉಳಿಸಿದ್ದು ದೇವರು ಎಂದು ಕೈ ಮುಗಿಯುತ್ತಾನೆ. ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ನೀರಿನಿಂದ ಮುಳುಗದೆ ಉಳಿದವಳು ಗಂಡನ ಒಂದು ಮಾತಿನಿಂದ ಮುಳುಗಿಹೋಗುತ್ತಾಳೆ. ಆ ಪಾತ್ರವನ್ನು ಮಾಡಿದ್ದಲ್ಲದೆ ಚಿತ್ರಕ್ಕೆ ದುಡ್ಡು ಹಾಕಿದವರೂ ಸೌಂದರ್ಯ. ತೆಲುಗಿನಲ್ಲಿ ಉತ್ತುಂಗದಲ್ಲಿದ್ದ ತಾರೆ. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು.

ಇಲ್ಲಿ ಒಂದು ಅಡ್ಡಮಾತು. ನಾಲ್ಕು ಸ್ವರ್ಣಕಮಲಗಳಲ್ಲಿ ಎರಡು ಚಿತ್ರಗಳಿಗೆ ನಿರ್ಮಾಪಕರು ನಾಯಕಿಯರು. 1997ರ ‘ತಾಯಿಸಾಹೇಬ’ ಜಯಮಾಲಾ ಅವರದು, ‘ದ್ವೀಪ’ ಸೌಂದರ್ಯ ಅವರದು. ವರ್ಷಗಟ್ಟಲೆ ಮರ ಸುತ್ತಿ ಹಾಡಿದ ಇಬ್ಬರು ನಟಿಯರು, ತಾವು ಗಳಿಸಿದ್ದನ್ನು ತಮಗೆ ಬೇಕಾದ ಪಾತ್ರದ ಮೇಲೆ ಹಾಕಿದರು. ಅವರಿಗೆ ಇಂಥ ಪಾತ್ರ ಬರೆದು ಕೊಡುವ ಇನ್ನೊಬ್ಬ ಚಿತ್ರಕಥೆಗಾರ ಆಗ ಎಷ್ಟು ಹತ್ತಿರದಲ್ಲಿದ್ದ? ‘ಹಸೀನಾ’ದಲ್ಲಿ ತಾರಾ, ‘ಗುಲಾಬಿ ಟಾಕೀಸ್’ನಲ್ಲಿ ಉಮಾಶ್ರೀ ರಾಷ್ಟ್ರಮಟ್ಟದ ಅತ್ಯುತ್ತಮ ನಟಿಯರಾದರು. ಉಮಾಶ್ರೀಯವರನ್ನು ನಮ್ಮ ಸಿನಿಮಾ ಎಷ್ಟೋ ವರ್ಷ ಎರಡರ್ಥದ ಹಾಸ್ಯಕ್ಕೆ ದುಡಿಸಿಕೊಂಡಿತ್ತು ಎಂಬುದನ್ನೂ ಇದರ ಪಕ್ಕದಲ್ಲಿ ಇಡಬೇಕು. ‘ತಾಯಿಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ವೈಶಾಲಿ ಕಾಸರವಳ್ಳಿ ನಿರ್ದೇಶಕರ ಪತ್ನಿ, ಸ್ವತಃ ದೊಡ್ಡ ನಟಿ; 2010ರಲ್ಲಿ ತೀರಿಕೊಂಡರು. ಮಗಳು ಅನನ್ಯಾ ಈಗ ನಿರ್ದೇಶಕಿ.

ಕಾಸರವಳ್ಳಿ ಕತೆ ಆರಿಸಿದ ರೀತಿಯನ್ನು ನೋಡಿದರೆ ನನ್ನ ಮಾತು ಇನ್ನೂ ಸ್ಪಷ್ಟವಾದೀತು. ಭೈರಪ್ಪನವರ ‘ನಾಯಿ ನೆರಳು’ ಪುನರ್ಜನ್ಮದ ಸುತ್ತ ಕಟ್ಟಿದ ಕಾದಂಬರಿ. ಸತ್ತ ಮಗ ಬೇರೆ ಊರಿನಲ್ಲಿ ಹುಟ್ಟಿ ಬಂದಿದ್ದಾನೆಂದು ಮನೆಯವರು ನಂಬುತ್ತಾರೆ. ಆ ಹುಡುಗನನ್ನು ಕರೆತರುತ್ತಾರೆ. ಸತ್ತವನ ಹೆಂಡತಿ ವೆಂಕು, ಇಷ್ಟು ವರ್ಷ ವಿಧವೆಯಾಗಿದ್ದವಳು, ಈಗ ಮಗನ ವಯಸ್ಸಿನ ಹುಡುಗನಿಗೆ ಹೆಂಡತಿಯಾಗಬೇಕೆ? ಪುನರ್ಜನ್ಮ ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ಸಿನಿಮಾ ಪಕ್ಕಕ್ಕೆ ಸರಿಸಿ, ಆ ನಂಬಿಕೆ ಅತ್ತೆಗೆ ಏನು ಕೊಡುತ್ತದೆ, ಸೊಸೆಗೆ ಏನು ಕೊಡುತ್ತದೆ, ಓದಿಕೊಂಡ ಮಗಳಿಂದ ಏನು ಕಸಿಯುತ್ತದೆ ಎಂದು ನೋಡುತ್ತದೆ. ಒಂದೇ ಮನೆಯ ಮೂವರು ಹೆಂಗಸರಿಗೆ ಒಂದೇ ಸಂಗತಿ ಮೂರು ಬಗೆ. ಭೈರಪ್ಪನವರ ಓದುಗರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಅವರ ಕೋಪ ನನಗೆ ಅರ್ಥವಾಗುತ್ತದೆ, ಆದರೆ ನಾನು ಸಿನಿಮಾದ ಕಡೆ.

‘ಗುಲಾಬಿ ಟಾಕೀಸ್’ಗೆ ಮೂಲವಾದ ವೈದೇಹಿಯವರ ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಕಾಸರವಳ್ಳಿ ಆ ಕತೆಯ ಗುಲಾಬಿಯನ್ನು ತೊಂಬತ್ತರ ದಶಕದ ಕೊನೆಗೆ, ಕುಂದಾಪುರದ ಕಡೆಯ ಮೀನುಗಾರರ ಕೇರಿಗೆ ಕರೆತಂದು, ಅವಳ ಗುಡಿಸಲಿಗೆ ಬಣ್ಣದ ಟಿವಿ ಮತ್ತು ಡಿಶ್ ತರಿಸಿದರು. ಅವಳು ಮುಸ್ಲಿಂ ಸೂಲಗಿತ್ತಿ, ಗಂಡ ಬಿಟ್ಟವಳು. ಟಿವಿಯ ಆಸೆಗೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಕೂರುತ್ತಾರೆ. ಆ ಟಿವಿಯಲ್ಲೇ ಕಾರ್ಗಿಲ್ ಯುದ್ಧದ ಸುದ್ದಿಯೂ ಬರುತ್ತದೆ, ಕೇರಿ ಎರಡಾಗುತ್ತದೆ. ಬಾನು ಮುಷ್ತಾಕರ ‘ಕರಿನಾಗರಗಳು’ ಕತೆಯನ್ನು ಅವರು ‘ಹಸೀನಾ’ ಮಾಡಿದ್ದು 2004ರಲ್ಲಿ. ಅಂತರರಾಷ್ಟ್ರೀಯ ಬೂಕರ್ ಬಂದು ಲೋಕವೆಲ್ಲ ಬಾನು ಅವರ ಹೆಸರು ಹೇಳಿದ್ದು 2025ರಲ್ಲಿ.

ದೃಷ್ಟಿಯ ಪ್ರಶ್ನೆಯನ್ನು ಅವರು ನೇರವಾಗಿ ಚಿತ್ರಕಥೆಯ ಕಟ್ಟಡವನ್ನಾಗಿಯೇ ಮಾಡಿದ್ದು ‘ಕನಸೆಂಬೊ ಕುದುರೆಯನೇರಿ’ಯಲ್ಲಿ. ಅಮರೇಶ ನುಗಡೋಣಿಯವರ ‘ಸವಾರಿ’ ಕತೆ. ಚಿತ್ರಕಥೆಯಲ್ಲಿ ಜೊತೆಗೂಡಿದವರು ಗೋಪಾಲಕೃಷ್ಣ ಪೈ. ಅದಕ್ಕೆ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಈರ್ಯಾ ಗುಂಡಿ ತೋಡುವವನು. ಅವನ ಕನಸಿನಲ್ಲಿ ಸಿದ್ಧ ಬಂದನೆಂದರೆ ಊರಲ್ಲಿ ಒಂದು ಸಾವು ಖಾತ್ರಿ. ಒಂದು ದಿನ ಸಿದ್ಧ ಬರುತ್ತಾನೆ, ಈರ್ಯಾ ದೊಡ್ಡ ಮನೆಗೆ ಹೋಗುತ್ತಾನೆ, ಯಾರೂ ಸತ್ತಿಲ್ಲ ಎಂದು ಗದರಿಸಿ ಕಳಿಸುತ್ತಾರೆ. ಇಡೀ ಬದುಕು ನಿಂತ ನಂಬಿಕೆ ಅಲ್ಲಾಡಿಹೋಗುತ್ತದೆ. ನಿಜ ಏನೆಂದರೆ ಯಜಮಾನ ಸತ್ತಿದ್ದಾನೆ; ಆಸ್ತಿಯ ವ್ಯವಹಾರಕ್ಕಾಗಿ ಸಾವನ್ನು ಮುಚ್ಚಿಟ್ಟಿದ್ದಾರೆ. ನಡೆದದ್ದನ್ನೇ ಗುಡಿಸಲಿನ ಕಡೆಯಿಂದ ಒಮ್ಮೆ, ದೊಡ್ಡ ಮನೆಯ ಕಡೆಯಿಂದ ಒಮ್ಮೆ ನಾವು ನೋಡುತ್ತೇವೆ. ಬಡವನ ಕನಸು ಸುಳ್ಳಾಗಲಿಲ್ಲ, ಉಳ್ಳವರು ಅದನ್ನು ಸುಳ್ಳು ಮಾಡಿದರು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಸ್ಯದ ಸಣ್ಣ ಪಾತ್ರಗಳಲ್ಲೇ ಕಳೆದುಹೋಗಿದ್ದ ವೈಜನಾಥ ಬಿರಾದಾರ ಈರ್ಯಾ ಆಗಿ ನಿಂತದ್ದನ್ನು ನೋಡಬೇಕು.

ಹೊಗಳಿಕೆ ಸಾಕು, ಒಂದೆರಡು ತಕರಾರೂ ಇವೆ. ಅವರ ಇತ್ತೀಚಿನ ಚಿತ್ರಗಳಲ್ಲಿ ಮಾತು ಕೆಲವೊಮ್ಮೆ ದೃಶ್ಯದ ಕೆಲಸವನ್ನು ಕಿತ್ತುಕೊಳ್ಳುತ್ತದೆ. ‘ಕೂರ್ಮಾವತಾರ’ದಲ್ಲಿ ಧಾರಾವಾಹಿಯಲ್ಲಿ ಗಾಂಧಿಯ ವೇಷ ಹಾಕಿದ ಗುಮಾಸ್ತ ನಿಧಾನಕ್ಕೆ ಗಾಂಧಿಗೆ ಎದುರಾಗುತ್ತಾನೆ, ಎಷ್ಟು ಒಳ್ಳೆಯ ಎಳೆ! ಆದರೆ ಅಲ್ಲಲ್ಲಿ ಪಾತ್ರಗಳು ಪರಸ್ಪರ ಮಾತಾಡುವುದನ್ನು ಬಿಟ್ಟು ನಮಗೆ ಪಾಠ ಹೇಳುತ್ತವೆ. ‘ಗುಲಾಬಿ ಟಾಕೀಸ್’ನಲ್ಲಿ ಯುದ್ಧದ ಸುದ್ದಿಯ ತುಣುಕು ಇಷ್ಟು ಬೇಕಿತ್ತೆ ಅನ್ನಿಸುತ್ತದೆ. ‘ಘಟಶ್ರಾದ್ಧ’ ಮಾಡಿದವರಿಗೆ ಪ್ರೇಕ್ಷಕನ ಮೇಲೆ ಇದ್ದ ಭರವಸೆ ಆಮೇಲೆ ಕಡಿಮೆಯಾಯಿತೇನೋ. ಹಾಗೆ ಆಗಿದ್ದರೆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಯಾಕೆಂದರೆ ನಾವು ನೋಡಲಿಲ್ಲ. ದುಡ್ಡಿನ ಮಾತು ಬರುತ್ತದೆ ಎಂದೆನಲ್ಲ. 1981ರ ‘ಮೂರು ದಾರಿಗಳು’ ಆದಮೇಲೆ ‘ತಬರನ ಕಥೆ’ಗೆ ಐದು ವರ್ಷ. 1990ರ ‘ಮನೆ’ ಆದಮೇಲೆ ‘ಕ್ರೌರ್ಯ’ಕ್ಕೆ ಆರು ವರ್ಷ. ‘ಕೂರ್ಮಾವತಾರ’ ಆದಮೇಲೆ ಮುಂದಿನ ಕಥಾಚಿತ್ರಕ್ಕೆ ಒಂಬತ್ತು ವರ್ಷ. ‘ಮನೆ’ಯಲ್ಲಿ ನಾಸಿರುದ್ದೀನ್ ಶಾ, ದೀಪ್ತಿ ನವಲ್ ಇದ್ದರೂ ನಮ್ಮ ಟಾಕೀಸುಗಳಿಗೆ ಅದು ಬೇಡವಾಯಿತು. ಇಂಥ ಸಿನಿಮಾಗಳು ನಮ್ಮ ಕಡೆಯವರಿಗೆ ಮುಟ್ಟಿದ್ದು ದೂರದರ್ಶನದಿಂದ. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದರು. ಕನ್ನಡದ ಸರದಿ ಬಂದ ವಾರ ಊಟ ಮುಗಿಸಿ ಬೀದಿಯ ಒಂದು ಟಿವಿಯ ಮುಂದೆ ಎಲ್ಲರೂ ಸೇರಿ, ಅರ್ಧ ಗಂಟೆಗೆ ಅರ್ಧ ಜನ ಎದ್ದು ಹೋಗಿ, ಉಳಿದವರು ಕೊನೆಯವರೆಗೆ ಅಲ್ಲಾಡದೆ ಕೂರುತ್ತಿದ್ದರು. ಆ ಉಳಿದವರು ಬರೀ ಓದಿದವರಾಗಿರಲಿಲ್ಲ ಎಂಬುದು ನನ್ನ ನೆನಪು. ಪ್ರಶಸ್ತಿ ಸಿನಿಮಾ ಸಾಮಾನ್ಯರಿಗಲ್ಲ ಎಂಬ ಮಾತನ್ನು ಸಾಮಾನ್ಯರು ಹೇಳಿದ್ದನ್ನು ನಾನು ಕೇಳಿಲ್ಲ.

ಕಾಲೇಜಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟು ಮಾತು ನಿಲ್ಲಿಸುತ್ತೇನೆ. ಹೆಸರಿನಲ್ಲೇ ಅಜ್ಜಂಪುರವನ್ನು ಹೊತ್ತ ಸೀತಾರಾಂ, ‘ಆನಂದ’ ಎಂಬ ಹೆಸರಿನಿಂದ ಬರೆದವರು, 1963ರಲ್ಲಿ ತೀರಿಕೊಂಡರು. ಅವರ ‘ನಾನು ಕೊಂದ ಹುಡುಗಿ’ ಕತೆಯನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ದೇಗುಲ, ಶಿಲ್ಪಗಳನ್ನು ನೋಡುತ್ತ ಊರೂರು ತಿರುಗುವ ಪೇಟೆಯ ಸಜ್ಜನನೊಬ್ಬ ಒಂದು ಹಳ್ಳಿಯಲ್ಲಿ ಉಳಿಯುತ್ತಾನೆ. ದೇವರಿಗೆ ಬಿಟ್ಟ ಹುಡುಗಿ ಅವನ ಕೋಣೆಗೆ ಬರುತ್ತಾಳೆ. ಅವನು ಅವಳಿಗೆ ಬುದ್ಧಿ ಹೇಳುತ್ತಾನೆ, ಅದು ಪಾಪವೆಂದು ತಿಳಿಸುತ್ತಾನೆ. ತನಗೆ ಪುಣ್ಯವೆಂದು ಹೇಳಿಕೊಟ್ಟದ್ದು ಪಾಪವೆಂದು ತಿಳಿದ ಹುಡುಗಿ ಬೆಳಗಾಗುವಷ್ಟರಲ್ಲಿ ನೀರಿನಲ್ಲಿ ಹೆಣವಾಗಿರುತ್ತಾಳೆ. ಕತೆ ಪೂರ್ತಿ ಆ ಸಜ್ಜನನ ಬಾಯಲ್ಲಿದೆ, ಪಶ್ಚಾತ್ತಾಪವೂ ಅವನದೇ.

ಇದಕ್ಕೆ ನೀವು ಚಿತ್ರಕಥೆ ಬರೆಯಿರಿ. ಅವನು ಕೋಣೆಯಲ್ಲಿ ಕೂತು ಅವಳಿಗೆ ಬುದ್ಧಿ ಹೇಳುವಾಗ ಕ್ಯಾಮೆರಾ ಎಲ್ಲಿಡುತ್ತೀರಿ? ಅವಳು ಆ ಕೋಣೆಯಿಂದ ಹೊರಬಿದ್ದು ನೀರಿನವರೆಗೆ ನಡೆದ ಹೊತ್ತು ಕತೆಯಲ್ಲಿಲ್ಲ, ಅವನು ಅದನ್ನು ಕಂಡಿಲ್ಲ. ನೀವು ಅದನ್ನು ಬರೆಯುತ್ತೀರೋ, ಬಿಡುತ್ತೀರೋ? ಬರೆದರೆ ದಾರಿಯಲ್ಲಿ ಅವಳಿಗೆ ಯಾರು ಎದುರಾಗುತ್ತಾರೆ? ಅವಳನ್ನು ಬಿಟ್ಟ ತಂದೆತಾಯಿಗೆ ಬೆಳಿಗ್ಗೆ ಯಾವ ಮಾತು ಕೊಡುತ್ತೀರಿ? ಹತ್ತು ಪುಟ ಸಾಕು. ಬರೆದು ನಿಮ್ಮ ಮೇಷ್ಟ್ರ ಕೈಗೆ ಕೊಡಿ, ಅವರು ನನಗೆ ಕಳಿಸುತ್ತಾರೆ, ನಾನು ಓದಿ ಕೆಂಪು ಶಾಯಿಯಲ್ಲಿ ಜಗಳ ಆಡುತ್ತೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ. ಬೀರೂರಿನ ಕಡೆ ಹೋಗುವ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಅಧ್ಯಕ್ಷರು ಹೇಳುತ್ತಿದ್ದಾರೆ.